ಆಮೇಲೆ ಊಟ ಮಾಡ್ತೀನಿ

ಕಳೆದ ನವೆಂಬರಿನಲ್ಲಿ ನಮ್ಮ ತಾರ್ನಾಕದ ಮನೆಗೆ 8 ಜನ ಅಪರಿಚಿತರು ಊಟಕ್ಕೆ ಬಂದಿದ್ದರು. ಕೀನ್ಯಾದ ಇಬ್ಬರು ನರ್ಸ್‌ಗಳು, ಫಿಲಿಪ್ಪೀನ್ಸ್‌ನ ಗಂಡ ಹೆಂಡತಿ, ಜರ್ಮನಿಯ ಒಬ್ಬ ಡಾಕ್ಟರು, ಜಾರ್ಖಂಡಿನ ಇಬ್ಬರು, ಮಿಜೋರಾಮಿನ ಒಬ್ಬ ಹುಡುಗ. ಎಲ್ಲರೂ ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು. ಸಿಕಂದರಾಬಾದಿನಲ್ಲಿ ಅವರ 5 ದಿನದ ಸಮ್ಮೇಳನ ನಡೆದಿತ್ತು. ನಾಲ್ಕು ರಾತ್ರಿ ಊಟ ಅಲ್ಲೇ, ಸಭಾಂಗಣದ ಹಿಂದಿನ ಪಾಕಶಾಲೆಯಲ್ಲಿ. ಒಂದು ರಾತ್ರಿ ಮಾತ್ರ ಊರಿನ ಮನೆಗಳಲ್ಲಿ.

ಇದಕ್ಕೆ ನಾವು ಸಿಕ್ಕಿಹಾಕಿಕೊಂಡದ್ದು ಪಕ್ಕದ ಮನೆಯ ಸಿಸ್ಟರಮ್ಮನಿಂದ. ಅವರು ಸನ್ಯಾಸಿನಿ ಅಲ್ಲ, ನರ್ಸ್ ಆಗಿ ನಿವೃತ್ತರಾದವರು. ಬೀದರಿನ ಮಂಗಲಪೇಟೆಯಲ್ಲಿ ಹುಟ್ಟಿ ಬೆಳೆದ ಮೆಥಡಿಸ್ಟ್ ಕುಟುಂಬ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಉರ್ದು, ತೆಲುಗು, ಇಂಗ್ಲಿಷು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ಕಡೆಯವರಿಗೆ ಈ ಊರು ಪರಊರು ಅನ್ನಿಸುವುದಿಲ್ಲ. ಹಾಸನದಿಂದ ಬಂದ ನನಗೇ 19 ವರ್ಷವಾದರೂ ಪರಊರು.

"ತಂಗಿ, 8 ಮಂದಿಗೆ ಊಟ ಹಾಕ್ತೀಯೇನು? ನಮ್ಮ ಸಭೆಯವರ ಮನಿ ಸಾಲದಾಗ್ಯಾವ. ನಿಮ್ಮದು ಶಾಕಾಹಾರಿ ಮನಿ ಅಂತ ಹೇಳೀನಿ, ಅವರಿಗೇನೂ ಅಡ್ಡಿಯಿಲ್ಲ" ಅಂದರು ಸಿಸ್ಟರಮ್ಮ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಉತ್ಸಾಹ ಬಂತು. ಹೈದರಾಬಾದಿಗೆ ಬಂದವರಿಗೆ ಬಿರಿಯಾನಿ ಯಾರು ಬೇಕಾದರೂ ತಿನ್ನಿಸುತ್ತಾರೆ, ನಾವು ಅಪ್ಪಟ ಕನ್ನಡದ ಊಟ ಹಾಕೋಣ ಅಂತ ಯಜಮಾನರ ಮುಂದೆ ಭಾಷಣವನ್ನೂ ಮಾಡಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಅನ್ನ, ಕಟ್ಟಿನ ಸಾರು, ಹೋಳಿಗೆ.

ಹಾಸನದವಳಿಗೆ ಜೋಳದ ರೊಟ್ಟಿ ಎಲ್ಲಿ ಬಡಿಯಲು ಬರುತ್ತೆ ಅಂತ ನೀವು ಕೇಳಬಹುದು. ಬರುವುದಿಲ್ಲ. ಅದಕ್ಕೆ ಅಕ್ಕ ಇದ್ದಾರೆ.

ಅಕ್ಕ ನಮ್ಮ ಮನೆಗೆ ಕೆಲಸಕ್ಕೆ ಬರಲು ಶುರುಮಾಡಿ 11 ವರ್ಷವಾಯಿತು. ಭಾಲ್ಕಿ ಕಡೆಯವರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಈ ಊರಿಗೆ ಬಂದವರು, ಗಂಡ ಹೋದ ಮೇಲೆ ಇಲ್ಲೇ ಉಳಿದರು. ಬೆಳಗ್ಗೆ ನಮ್ಮ ಮನೆ, ಆಮೇಲೆ ಸಿಸ್ಟರಮ್ಮನ ಮನೆ, ಮಧ್ಯಾಹ್ನ ಇನ್ನೆರಡು. ನನಗಿಂತ 6 ವರ್ಷಕ್ಕೆ ದೊಡ್ಡವರು, ನಾನು ಅವರನ್ನು ಅಕ್ಕ ಅಂತೀನಿ. ಅವರು ನನ್ನನ್ನು 'ಅಕ್ಕಾರ' ಅಂತಾರೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಕ್ಕಂದಿರು.

ಆ ದಿನ ಅವರು ಸಂಜೆ 4ಕ್ಕೇ ಬಂದರು. ಬದನೆಕಾಯಿ ಸೀಳಿದರು, ಕಣಕ ನಾದಿದರು. 7 ಗಂಟೆಗೆ ಅತಿಥಿಗಳು ಬಂದರು. ನಮ್ಮ ಊಟದ ಮೇಜಿಗೆ 6 ಕುರ್ಚಿ. ಸಿಸ್ಟರಮ್ಮನ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಓದುವ ಮೇಜನ್ನೂ ಸೇರಿಸಿ 11 ಜನಕ್ಕೆ ಮಾಡಿದೆವು. ಅತಿಥಿಗಳು 8, ಸಿಸ್ಟರಮ್ಮ, ನಮ್ಮ ಯಜಮಾನರು, ಅತ್ತೆ. ಲೆಕ್ಕ ಸರಿಯಾಗಿದೆ ಅಂತ ಇನ್ನೊಮ್ಮೆ ಎಣಿಸಿಯೂ ನೋಡಿದ್ದೆ.

ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಬಹುದೇ ಅಂತ ಜರ್ಮನಿಯ ಡಾಕ್ಟರು ಸಂಕೋಚದಿಂದ ಕೇಳಿದರು. ಅತ್ತೆ ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದರು. "ಅನ್ನದ ಮುಂದೆ ಕೈಮುಗಿಯೋಕೆ ನನ್ನನ್ನ ಯಾಕೆ ಕೇಳಬೇಕು" ಅಂದರು. ಸಿಸ್ಟರಮ್ಮ ಕನ್ನಡದಲ್ಲೇ ಎರಡು ಮಾತಿನ ಪ್ರಾರ್ಥನೆ ಮಾಡಿದರು. ಊಟ ಶುರುವಾಯಿತು. ಫಿಲಿಪ್ಪೀನ್ಸ್‌ನ ದಂಪತಿಗಳು ಕೈಯಲ್ಲೇ ತಿಂದರು. ಜಾರ್ಖಂಡಿನವರು ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡರು. ಒಬ್ಬರಿಗೆ ಶೇಂಗಾ ಆಗಿಬರುವುದಿಲ್ಲ ಅಂತ ಕೊನೇ ಗಳಿಗೆಯಲ್ಲಿ ಗೊತ್ತಾಗಿ ಎದೆ ಝಲ್ಲೆಂದಿತು. ಎಣ್ಣೆಗಾಯಿಯ ಮಸಾಲೆಯಲ್ಲೂ ಶೇಂಗಾ ಇತ್ತಲ್ಲ. ಅವರಿಗೆ ಸಾರು, ಅನ್ನ, ಮೊಸರು. ಹೊರಗಿನವರನ್ನು ಕರೆಯುವವರು ಇದನ್ನು ಮೊದಲೇ ಕೇಳಿಕೊಳ್ಳಿ, ನಾನು ಕಲಿತ ಸಣ್ಣ ಪಾಠ ಅದು.

ದೊಡ್ಡ ಪಾಠ ಆಮೇಲೆ ಬಂತು.

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಒಂದು ಒಲೆಯ ಮೇಲೆ ಹಂಚು, ಇನ್ನೊಂದರ ಮೇಲೆ ಸಾರು. ನಾನು ಒಂದೊಂದೇ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕುತ್ತಿದ್ದೆ. ಪಟ್ ಪಟ್ ಸದ್ದು ಹೊರಗೂ ಕೇಳುತ್ತಿತ್ತು. ಕೀನ್ಯಾದ ನರ್ಸ್‌ಗಳಲ್ಲಿ ಹಿರಿಯಾಕೆ, ಸುಮಾರು 50ರ ಹೆಂಗಸು, ಆ ಸದ್ದಿಗೆ ಕಿವಿಗೊಟ್ಟು ನನ್ನನ್ನು ಕೇಳಿದರು, "ಒಳಗೆ ಇರುವವರು ಯಾವಾಗ ಊಟ ಮಾಡ್ತಾರೆ?"

"ಆಮೇಲೆ" ಅಂದೆ.

"ನೀವು?"

"ನಾನೂ ಆಮೇಲೆ ಊಟ ಮಾಡ್ತೀನಿ."

ಆಕೆಯ ಮುಖ ಅರಳಿತು. "ಓ, ಹಾಗಾದರೆ ನೀವಿಬ್ಬರೂ ಜೊತೆಯಲ್ಲಿ ಕೂತು ಊಟ ಮಾಡ್ತೀರಿ. ಒಳ್ಳೇದು. ಇಬ್ಬರಿಗೂ ದಣಿವಾಗಿದೆ."

ನಾನು ತಲೆಯಾಡಿಸಿದೆ.

ಅದು ಸುಳ್ಳು. 11 ವರ್ಷದಲ್ಲಿ ಒಂದು ದಿನವೂ ನಾನೂ ಅಕ್ಕನೂ ಒಟ್ಟಿಗೆ ಕೂತು ಉಂಡಿರಲಿಲ್ಲ. ಅವರಿಗೆ ನಮ್ಮ ಮನೆಯಲ್ಲಿ ಊಟ ಇತ್ತು, ಕಾಫಿ ಇತ್ತು, ಹಬ್ಬದ ದಿನ ಎಲೆ ತುಂಬ ಇತ್ತು. ಹಸಿದು ಹೋಗಲು ನಾನು ಬಿಟ್ಟವಳಲ್ಲ. ಆದರೆ ಅವರ ತಟ್ಟೆ, ಅವರ ಲೋಟ ಸಿಂಕಿನ ಕೆಳಗಿನ ಗೂಡಿನಲ್ಲಿ ಬೇರೆ. ಅವರು ಉಣ್ಣುವುದು ಅಡುಗೆಮನೆಯ ಬಾಗಿಲ ಪಕ್ಕ, ನೆಲದ ಮೇಲೆ. ನಾನು ಹಾಗೆ ಮಾಡಿ ಅಂತ ಎಂದೂ ಹೇಳಿದವಳಲ್ಲ. ಮೊದಲನೇ ದಿನ ಅವರೇ ಹಾಗೆ ಕೂತರು, ನಾನು ಏನೂ ಅನ್ನಲಿಲ್ಲ. ಅಷ್ಟರಿಂದಲೇ 11 ವರ್ಷ ನಡೆದುಹೋಯಿತು. ನಾನು ಜಾತಿ ಗೀತಿ ನೋಡುವವಳಲ್ಲ ಅಂತ ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ನೋಡುವ ಕೆಲಸವನ್ನು ಆ ಗೂಡು ಮಾಡುತ್ತಿತ್ತು.

ಅತಿಥಿಗಳು ಹೋದಾಗ ಹತ್ತೂವರೆ. 11 ಕುರ್ಚಿ ಖಾಲಿ ಬಿದ್ದಿದ್ದವು. ಮನೆಯಲ್ಲಿ ಆ ರಾತ್ರಿ ಇದ್ದವರು 13 ಜನ ಅಂತ ಆಗ ಹೊಳೆಯಿತು. ನನ್ನನ್ನೂ ನಾನು ಎಣಿಸಿರಲಿಲ್ಲ. "ನಮ್ಮ ಕಾಲದಲ್ಲೂ ಹೆಂಗಸರದ್ದು ಕೊನೇ ಪಂಕ್ತೀನೇ" ಅಂತ ಅತ್ತೆ ಹೇಳುತ್ತಿರುತ್ತಾರೆ. ಕೊನೇ ಪಂಕ್ತಿಯಲ್ಲೂ ಇಬ್ಬರು ಬೇರೆ ಬೇರೆ ಕೂರುತ್ತಾರೆ ಅನ್ನುವುದು ಮಾತ್ರ ಯಾವ ಮಾತಿನಲ್ಲೂ ಬರುವುದಿಲ್ಲ.

ಎರಡು ತಟ್ಟೆ ಹಾಕಿ, "ಬನ್ನಿ ಅಕ್ಕ, ಇಲ್ಲೇ ಕೂತು ಊಟ ಮಾಡೋಣ" ಅಂದೆ.

ಅಕ್ಕ ನಕ್ಕರು. "ಬ್ಯಾಡ್ರಿ ಅಕ್ಕಾರ. ನನಗ ಕೆಳಗ ಕುಂತರೇ ಉಂಡಂಗ ಆಗ್ತದ."

ಒತ್ತಾಯ ಮಾಡಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿ, "ಇವತ್ತ ಇಲ್ಲಿ ಕುಂದ್ರಸ್ತೀರಿ. ನಾಳೆ ಎಲ್ಲಿ ಕುಂದ್ರಲ್ರಿ?" ಅಂದರು. ಸಿಟ್ಟಿನಿಂದ ಅಲ್ಲ, ನಾಳೆ ಎಷ್ಟು ಗಂಟೆಗೆ ಬರಲಿ ಅಂತ ಕೇಳುವ ಹಾಗೆ. ನಾನು ಉತ್ತರ ಕೊಡಲಿಲ್ಲ. ಅವರು ತಮ್ಮ ತಟ್ಟೆ ತೆಗೆದುಕೊಂಡು ತಮ್ಮ ಜಾಗಕ್ಕೆ ಹೋದರು. ಹೊರಡುವಾಗ ಮಿಕ್ಕ ಹೋಳಿಗೆ ಮತ್ತು ನನ್ನದೊಂದು ಸೀರೆ ಕೊಟ್ಟೆ.

ಮರುದಿನ ಸಿಸ್ಟರಮ್ಮನಿಗೆ ಇದನ್ನೆಲ್ಲ ಹೇಳಿದೆ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು. "ನಿನ್ನೆ 4ಕ್ಕ ಬಂದು 11ಕ್ಕ ಹೋದಳಲ್ಲ ಆಕಿ, ಎಷ್ಟು ಕೊಟ್ಟಿ?" ಸೀರೆ ಕೊಟ್ಟೆ ಅಂದೆ. "ಮೊದಲ ಪಗಾರ ಕೊಡು ತಂಗಿ. ಕುರ್ಚಿ ಆಮ್ಯಾಲ" ಅಂದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಆಮೇಲೆ ಅವರು ದೋರ್ನಕಲ್‌ನ ಬಿಷಪ್ ಒಬ್ಬರ ವಿಷಯ ಹೇಳಿದರು. ಹೈದರಾಬಾದಿನಿಂದ ವಿಜಯವಾಡದ ಕಡೆ ರೈಲಿನಲ್ಲಿ ಹೋದವರಿಗೆ ಕಾಜಿಪೇಟೆ ದಾಟಿದ ಮೇಲೆ ಬರುವ ದೋರ್ನಕಲ್ ಜಂಕ್ಷನ್ ಗೊತ್ತಿರುತ್ತದೆ. ಆ ಊರಿಗೆ 1909ರಲ್ಲಿ ತಿರುನೆಲ್ವೇಲಿ ಕಡೆಯ ವಿ. ಎಸ್. ಅಜರಯ್ಯ ಅನ್ನುವವರು ಮಿಷನರಿಯಾಗಿ ಬಂದರು. ತಮಿಳರು, ಬಂದದ್ದು ತೆಲುಗು ಸೀಮೆಗೆ, ನಿಜಾಮರ ರಾಜ್ಯಕ್ಕೆ. ನಮ್ಮ ನಿಮ್ಮ ಹಾಗೆ ಅವರೂ ವಲಸಿಗರೇ. ಮರುವರ್ಷ, 1910ರ ಜೂನ್‌ನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಸುಮಾರು 1200 ಪ್ರತಿನಿಧಿಗಳು, ಹೆಚ್ಚಿನವರೆಲ್ಲ ಯುರೋಪು, ಅಮೆರಿಕದವರು. ಏಷ್ಯಾದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಆ ಸಭೆಯಲ್ಲಿ ಮಾತಾಡಲು ಎದ್ದಾಗ ಅಜರಯ್ಯನವರಿಗೆ 35 ವರ್ಷ.

ಅವರು ಹೇಳಿದ್ದರ ಸಾರ ಇಷ್ಟು. ನೀವು ನಮ್ಮ ಬಡವರಿಗೆ ಅನ್ನ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ಅದನ್ನು ನಾವು ಮರೆಯುವುದಿಲ್ಲ. ಆದರೆ ನಿಮ್ಮ ಜೊತೆ ಕೆಲಸ ಮಾಡುವ ಭಾರತೀಯನನ್ನು ನೀವು ಸ್ನೇಹಿತ ಅಂತ ಕಾಣುವುದಿಲ್ಲ, ಮೇಲಿನಿಂದ ಕರುಣೆ ತೋರಿಸುವವರ ಹಾಗೆ ಇರುತ್ತೀರಿ. ಕೈಕುಲುಕುವುದು, ಕುರ್ಚಿ ಕೊಡುವುದು, ಊಟಕ್ಕೆ, ಚಹಕ್ಕೆ ಕರೆಯುವುದು ಇವಕ್ಕಾಗಿಯೇ ಇವನ್ನು ನಾನು ಕೇಳುತ್ತಿಲ್ಲ. ಇವು ಸ್ನೇಹದ ಗುರುತಾಗಿದ್ದರೆ ಖಂಡಿತ ಬೇಕು. ನಮಗೆ ಸ್ನೇಹಿತರನ್ನು ಕೊಡಿ.

ಸಭೆಯಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಮನೆ ಬಿಟ್ಟು, ಊರು ಬಿಟ್ಟು, ಕಾಲರಾ, ಮಲೇರಿಯಾದ ನಡುವೆ ದುಡಿದವರು ಅವರು. ಇಷ್ಟೆಲ್ಲ ಮಾಡಿದ ಮೇಲೂ ಇವನು ಕುರ್ಚಿಯ ಮಾತಾಡುತ್ತಾನಲ್ಲ ಅನ್ನಿಸಿರಬೇಕು. 11 ವರ್ಷ ಅಕ್ಕನಿಗೆ ಊಟ ಹಾಕಿದ ನನಗೂ ಆ ರಾತ್ರಿ ಒಂದು ಕ್ಷಣ ಹಾಗೇ ಅನ್ನಿಸಿತ್ತು. ಅಜರಯ್ಯನವರು 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ಬಿಷಪ್ ಆದರು. ಭಾರತದ ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಏರಿದ ಮೊದಲ ಭಾರತೀಯರು. 1945ರ ಜನವರಿ 1ರಂದು ತೀರಿಕೊಳ್ಳುವವರೆಗೂ ದೋರ್ನಕಲ್‌ನಲ್ಲೇ ಇದ್ದರು. ಅವರ ಸಭೆಯಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯಗಳಿಂದ ಬಂದವರು. ಊರಿನ ಕಟ್ಟಳೆಯಲ್ಲಿ ಆ ಎರಡು ಕೇರಿಯವರೂ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಿರಲಿಲ್ಲ. ಬಿಳಿಯರ ಮೇಜಿನ ಬಗ್ಗೆ ಎಡಿನ್‌ಬರೋದಲ್ಲಿ ಕೇಳಿದ ಪ್ರಶ್ನೆ ಅವರ ಅಂಗಳದಲ್ಲೂ ಕಾದಿತ್ತು ಅಂತ ಇದರ ಅರ್ಥ.

ನಮ್ಮಲ್ಲಿ ಇದಕ್ಕೆ ಉತ್ತರ ಇಲ್ಲವೆಂದೇನೂ ಅಲ್ಲ. ಅಕ್ಕನ ಜಿಲ್ಲೆಯಲ್ಲೇ ಬಸವಕಲ್ಯಾಣ ಇದೆ, 12ನೇ ಶತಮಾನದ ಶರಣರ ದಾಸೋಹದ ಊರು. ಅದೇ ಬೀದರಿನಲ್ಲಿ ಗುರುದ್ವಾರ ನಾನಕ್ ಝೀರಾ ಇದೆ. ಸಿಸ್ಟರಮ್ಮ ಚಿಕ್ಕಂದಿನಲ್ಲಿ ಅಲ್ಲಿನ ಲಂಗರಿಗೆ ಹೋಗುತ್ತಿದ್ದರಂತೆ. ಅಲ್ಲಿಯೂ ಒಬ್ಬರು ಬಡಿಸುತ್ತಾರೆ, ಉಳಿದವರು ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಆದರೆ ಈ ಸಾಲಿನಲ್ಲಿ ಬಡಿಸಿದವರು ಮುಂದಿನ ಸಾಲಿನಲ್ಲಿ ಅದೇ ಜಾಗದಲ್ಲಿ ಕೂತು ಉಣ್ಣುತ್ತಾರೆ. ಬಡಿಸುವುದು ತಪ್ಪಲ್ಲ, ನೆಲವೂ ತಪ್ಪಲ್ಲ. ಯಾವಾಗಲೂ ಒಬ್ಬರೇ ಬಡಿಸುವುದು, ಒಬ್ಬರಿಗೇ ನೆಲ ಅನ್ನುವುದು ತಪ್ಪು.

ಡಿಸೆಂಬರ್ 25ಕ್ಕೆ ಸಿಸ್ಟರಮ್ಮ ನಮ್ಮನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಹೋದರೆ ಅಲ್ಲಿ ಅಕ್ಕ ಕುರ್ಚಿಯ ಮೇಲೆ ಕೂತು ಬಟಾಣಿ ಬಿಡಿಸುತ್ತಾ ಸಿಸ್ಟರಮ್ಮನ ಮೊಮ್ಮಗನನ್ನು ಗದರಿಸುತ್ತಿದ್ದರು. ಊಟದ ಹೊತ್ತಿಗೆ ಮಡಕೆ, ಪಾತ್ರೆ ಎಲ್ಲ ಮೇಜಿನ ಮೇಲೇ ಬಂದವು. ಯಾರಿಗೆ ಬೇಕೋ ಅವರು ಹಾಕಿಕೊಂಡರು. ನಮಗೆ ಅಂತ ಸಸ್ಯಾಹಾರದ್ದು ಒಂದು ಕಡೆ ಬೇರೆ ಇಟ್ಟಿದ್ದರು. ಅಕ್ಕ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತು ಉಂಡರು. ಯಾರೂ ಅವರನ್ನು ಕರೆಯಲಿಲ್ಲ, ಒತ್ತಾಯ ಮಾಡಲಿಲ್ಲ. ಅದು ಅವರ ಮಾಮೂಲಿ ಕುರ್ಚಿ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಕೆಳಗೆ ಕೂತರೇ ಉಂಡ ಹಾಗೆ ಆಗುತ್ತದೆ ಅಂದದ್ದು ನನ್ನ ಮನೆಯ ಮಟ್ಟಿಗೆ ಮಾತ್ರ ನಿಜ.

ಅವತ್ತು ನನಗೆ ಬೇಜಾರಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಯೋಚಿಸಿದೆ. ಸಿಸ್ಟರಮ್ಮ ಒಂದು ದಿನದ ಮಟ್ಟಿಗೆ ಕುರ್ಚಿ ಎಳೆದವರಲ್ಲ. ಹೊತ್ತು ಮೀರಿದರೆ ಗಂಟೆ ಲೆಕ್ಕದಲ್ಲಿ ದುಡ್ಡು, ತಿಂಗಳಿಗೆ 4 ದಿನ ರಜ, ಗುರುವಾರ ಇಬ್ಬರೂ ಒಟ್ಟಿಗೆ ಊಟ. ಎಷ್ಟೋ ವರ್ಷದಿಂದ ನಡೆದು ಬಂದದ್ದು. ಅಕ್ಕ ಕೇಳಿದ 'ನಾಳೆ'ಗೆ ಆ ಮನೆಯಲ್ಲಿ ಉತ್ತರ ಇತ್ತು.

ಹಾಗಾಗಿ ನಾನೂ ಕುರ್ಚಿಯ ಮಾತು ಬಿಟ್ಟೆ. ಮೊದಲು ನವೆಂಬರಿನ ಆ 7 ಗಂಟೆಯ ದುಡ್ಡು ಕೊಟ್ಟೆ. ಅಕ್ಕ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ಬೇಡ ಅಂತೇನೂ ಅನ್ನಲಿಲ್ಲ. ಸಿಂಕಿನ ಕೆಳಗಿನ ಗೂಡು ಖಾಲಿ ಮಾಡಿ ಆ ತಟ್ಟೆ ಲೋಟ ಎಲ್ಲದರ ಜೊತೆ ಸೇರಿಸಿದೆ. ಅತ್ತೆಗೆ ಹೇಳಲು ಹೆದರಿದ್ದೆ. ಅವರು ಒಂದು ವಾರ ತಮ್ಮ ಲೋಟ ಬೇರೆ ಇಟ್ಟುಕೊಂಡರು, ಎಂಟನೇ ದಿನ ಮರೆತರು. ಮೂರನೆಯದು ಅಡುಗೆಯ ಪಟ್ಟಿ. ಇದನ್ನು ಮಾತ್ರ ನಿಮಗೆ ಬಿಡಿಸಿ ಹೇಳಬೇಕು.

ಬಿಸಿ ರೊಟ್ಟಿ, ಪೂರಿ, ದೋಸೆ ಇವೆಲ್ಲ ಒಬ್ಬರನ್ನು ಒಲೆಯ ಮುಂದೆ ನಿಲ್ಲಿಸುವ ಅಡುಗೆಗಳು. ಇವನ್ನು ಪಟ್ಟಿಗೆ ಸೇರಿಸಿದ ಗಳಿಗೆಯಲ್ಲೇ ಯಾರೋ ಒಬ್ಬರಿಗೆ ಮೇಜಿನಲ್ಲಿ ಜಾಗ ಇಲ್ಲ ಅಂತ ತೀರ್ಮಾನ ಆಗಿಹೋಗಿರುತ್ತದೆ. ಅದು ನಿಮ್ಮ ಹೆಂಡತಿ ಇರಬಹುದು, ಅಮ್ಮ ಇರಬಹುದು, ಕೆಲಸದವರಿರಬಹುದು. ಎಲ್ಲರೂ ಕೂರಬೇಕು ಅಂದರೆ ಮೊದಲೇ ಆಗಿಹೋಗುವ ಅಡುಗೆ ಬೇಕು. ಬಿಸಿಬೇಳೆ ಬಾತ್, 12 ಜನಕ್ಕೆ ಮುಕ್ಕಾಲು ಕಿಲೋ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ ಧಾರಾಳವಾಗಿ ಸಾಕು. ಎಣ್ಣೆಗಾಯಿ ಬೆಳಗ್ಗೆಯೇ ಮಾಡಿಟ್ಟರೆ ರಾತ್ರಿಗೆ ಇನ್ನೂ ರುಚಿ. ಸಜ್ಜೆಯ ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಕೋಸಂಬರಿ, ಮೊಸರು, ಪಾಯಸ. ಎಲ್ಲವನ್ನೂ ಮೇಜಿನ ಮಧ್ಯೆ ಇಟ್ಟುಬಿಡಿ. ಬಿಸಿ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಈಗ ಹೀಗೇ ಊಟ. ಮೊದಲ ಕೆಲವು ವಾರ ಅಕ್ಕ ಡಬ್ಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ನಾನು ಕರೆದೆ, ಹೆಚ್ಚು ಹೇಳಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಮಂಡಿ ನೋವು ಅಂತ ಕುರ್ಚಿ ಎಳೆದುಕೊಂಡು ಕೂತರು, ಸಾರಿಗೆ ಉಪ್ಪು ಕಡಿಮೆ ಅಂದರು. ಈಗ ಕೆಲವು ಶನಿವಾರ ಕೂರುತ್ತಾರೆ, ಕೆಲವು ಶನಿವಾರ ಮಗಳ ಮನೆಗೆ ಹೋಗಬೇಕು ಅಂತ ಓಡುತ್ತಾರೆ. ಸ್ನೇಹ ಅಂತ ಕರೆಯಲು ನನಗಿನ್ನೂ ಧೈರ್ಯವಿಲ್ಲ. ಅವರು ಈಗಲೂ 'ಅಕ್ಕಾರ' ಅಂತಲೇ ಅನ್ನುತ್ತಾರೆ. ನನ್ನ ಸಂಬಳ ಪಡೆಯುವವರು ನನ್ನ ಊಟಕ್ಕೆ ಕರೆದಾಗ ಎಷ್ಟು ಸ್ವತಂತ್ರರಾಗಿ ಹೂಂ ಅನ್ನಬಲ್ಲರು, ಎಷ್ಟು ಸ್ವತಂತ್ರರಾಗಿ ಊಹೂಂ ಅನ್ನಬಲ್ಲರು? ಅವರು ಸಲೀಸಾಗಿ ಊಹೂಂ ಅಂದು ಓಡುವ ಶನಿವಾರಗಳೇ ನನಗೆ ಸ್ವಲ್ಪ ಸಮಾಧಾನ ಕೊಡುತ್ತವೆ.

ಮೆಟ್ರೋ ಊರುಗಳಲ್ಲಿ ನಾವು ಕನ್ನಡಿಗರು ಸೇರಿದಾಗಲೆಲ್ಲ ಊಟ ಇದ್ದೇ ಇರುತ್ತದೆ. ರಾಜ್ಯೋತ್ಸವ, ಯುಗಾದಿ, ಸಂಕ್ರಾಂತಿ. ನಮ್ಮ ಊಟ ಅಂತ ಹೆಮ್ಮೆಯಿಂದ ಫೋಟೋ ತೆಗೆಯುತ್ತೇವೆ. ಮುಂದಿನ ಸಲ ಫೋಟೋ ತೆಗೆಯುವ ಮುಂಚೆ ಒಂದು ಸಲ ತಲೆ ಎಣಿಸಿ, ಆಮೇಲೆ ಕುರ್ಚಿ ಎಣಿಸಿ.

ಈ ನವೆಂಬರಿನಲ್ಲಿ ಮತ್ತೆ ಸಿಕಂದರಾಬಾದಿನಲ್ಲಿ ಸಮ್ಮೇಳನವಂತೆ. ಸಿಸ್ಟರಮ್ಮ ಆಗಲೇ ಕೇಳಿದ್ದಾರೆ. ಈ ಸಲ ನಾನು ಹೂಂ ಅನ್ನುವ ಮೊದಲು ಅಕ್ಕನನ್ನು ಕೇಳಿದೆ. ಆ ದಿನದ ದುಡ್ಡು ಇಷ್ಟು, ಊಟ ಎಲ್ಲರ ಜೊತೆ, ಬರ್ತೀರಾ ಅಂತ.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ರೊಟ್ಟಿ ಯಾರು ಬಡೀತಾರ?"

"ಕಡಕ್ ರೊಟ್ಟಿ. ಹಿಂದಿನ ದಿನವೇ ಮಾಡಿ ಇಟ್ಟುಬಿಡೋಣ. ನನಗೂ ಕಲಿಸಿ."

"ಹಂಗಾದ್ರ ಬರ್ತೀನ್ರಿ" ಅಂದರು.